ಲಕ್ಷ್ಮಿಯ ನೆರಿಗೆ

ನ್ಯಾಮತಿಯ ನನ್ನ ಅಜ್ಜಿಯ ಮನೆಯಲ್ಲಿ ದೇವರಿಗೆ ಬರವಿರಲಿಲ್ಲ. ತಲೆಬಾಗಿಲ ಚೌಕಟ್ಟಿನ ಮೇಲೆ ಬಡಗಿ ಕೆತ್ತಿದ ಎರಡು ಆನೆ, ಅಡುಗೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಬರೆದ ಬಸವಣ್ಣ, ಗೂಡಿನಲ್ಲಿ ಕೊಂಬು ಮುರಿದರೂ ಎಸೆಯಲು ಮನಸ್ಸಾಗದೆ ಉಳಿಸಿಕೊಂಡ ಮಣ್ಣೆತ್ತು. ದೀಪಾವಳಿ ಬಂತೆಂದರೆ ಹೊಸ್ತಿಲ ಎರಡೂ ಪಕ್ಕ ಸಗಣಿಯ ಲಕ್ಕವ್ವ ಕೂರುತ್ತಿದ್ದಳು, ತಲೆಯ ತುಂಬ ಚೆಂಡುಹೂವು ಮುಡಿದುಕೊಂಡು. ಕತ್ತಲಲ್ಲಿ ಯಾವ ಮೂಲೆಗೆ ಕೈ ಚಾಚಿದರೂ ಯಾವುದಾದರೊಂದು ದೇವರು ತಗುಲುತ್ತದೆ ಎಂದು ನನ್ನ ಅಪ್ಪ ಗೇಲಿ ಮಾಡುತ್ತಿದ್ದರು. ಅವರು ಚನ್ನಗಿರಿಯ ಕಚೇರಿಯಲ್ಲಿ ಗುಮಾಸ್ತರು. ಚನ್ನಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಒಂದು ಸಣ್ಣ ಪಟ, ಅದೂ ಯಾರೋ ಮದುವೆಯಲ್ಲಿ ಕೊಟ್ಟದ್ದು. ಆದ್ದರಿಂದ ಬೇಸಿಗೆ ರಜೆ ಬಂದು ಅವ್ವನ ಜೊತೆ ನ್ಯಾಮತಿಗೆ ಹೊರಟೆನೆಂದರೆ ನನಗೆ ಬಡವರ ಮನೆಯಿಂದ ಸಾಹುಕಾರರ ಮನೆಗೆ ಹೋದಷ್ಟು ಸಂತೋಷ.

ಈ ಎಲ್ಲ ದೇವರುಗಳಲ್ಲಿ ಅಜ್ಜಿಗೆ ಪ್ರಾಣವೆಂದರೆ ಜಗುಲಿಯ ಮೇಲಿನ ಲಕ್ಷ್ಮಿ. ನಮ್ಮ ಕಡೆ ಜಗುಲಿ ಎಂದರೆ ಮನೆಯ ಒಳಗೆ ಪಡಸಾಲೆಗೆ ಮುಖ ಮಾಡಿ ದೇವರನ್ನಿಡಲು ಕಟ್ಟಿದ ಕಟ್ಟೆ. ಅದರ ಹಿಂದಿನ ಗೋಡೆಗೆ ತೂಗುಹಾಕಿದ ಗಾಜಿನ ಪಟದಲ್ಲಿ ಲಕ್ಷ್ಮಿ ಎರಡು ಆನೆಗಳ ನಡುವೆ ತಾವರೆಯ ಮೇಲೆ ನಿಂತಿದ್ದಳು. ನನ್ನ ಅವ್ವ ಹುಟ್ಟಿದ ವರ್ಷ ಅಜ್ಜ ಅದನ್ನು ದಾವಣಗೆರೆಯಿಂದ ಟವಲಿನಲ್ಲಿ ಸುತ್ತಿ, ಮಗುವನ್ನು ತಂದಂತೆ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ತಂದಿದ್ದರಂತೆ. ಲಕ್ಷ್ಮಿಯ ಪಾದದ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಅದೇನೋ ಮಂತ್ರವಿರಬೇಕೆಂದು ಅಜ್ಜಿ ಅದಕ್ಕೂ ದಿನಾ ಕುಂಕುಮ ಹಚ್ಚುತ್ತಿದ್ದಳು. ದಾವಣಗೆರೆಯ ಹೈಸ್ಕೂಲಿಗೆ ಸೇರಿದ ನನ್ನ ಮಾವ ಒಮ್ಮೆ ರಜೆಗೆ ಬಂದವನು ಕುಂಕುಮ ಒರೆಸಿ ಓದಿ, "ಅವ್ವಾ, ಇದು ಜರ್ಮನಿ ದೇಶದಾಗೆ ಅಚ್ಚು ಹಾಕಿದ್ದು. ಅವರ ಮೇಲೇ ಈಗ ಯುದ್ಧ ನಡದೈತೆ" ಎಂದು ಬಾಂಬು ಹಾಕಿದ.

ಅಜ್ಜಿ ಒಂದು ಗಳಿಗೆ ಯೋಚಿಸಿ, "ತವರುಮನೆ ಎಲ್ಲಾದ್ರೂ ಇರಲಿ ಬಿಡು. ಈಗ ನಮ್ಮನೆ ಹೆಣ್ಣುಮಗಳು" ಎಂದು ಮತ್ತೆ ಕುಂಕುಮ ಹಚ್ಚಿದಳು.

ಅಚ್ಚಿನ ಲಕ್ಷ್ಮಿಯನ್ನು ಅಚ್ಚಿನಲ್ಲಿದ್ದ ಹಾಗೆ ಬಿಡುವ ಜಾಯಮಾನ ಅಜ್ಜಿಯದಲ್ಲ. ಅವಳು ಲಕ್ಷ್ಮಿಗೆ ನಿಜವಾದ ಸೀರೆ ಉಡಿಸಿದ್ದಳು. ಮುಖ, ಕೈ, ಪಾದಗಳನ್ನು ಬಿಟ್ಟು ಉಳಿದ ಕಡೆಗೆಲ್ಲ ಬಟ್ಟೆಯ ಸಣ್ಣ ಪಟ್ಟಿಗಳನ್ನು ನೆರಿಗೆ ಹಿಡಿದು ಅಂಟಿಸಿ, ಸಂದಿನಲ್ಲಿ ಚಮಕಿ, ಕೊರಳಿಗೆ ಮಣಿ. ಆ ಪಟ್ಟಿಗಳೇನು ದರ್ಜಿಯ ಅಂಗಡಿಯ ಚಿಂದಿಯಲ್ಲ. ಮನೆಯಲ್ಲಿ ಮದುವೆಯಾದಾಗಲೆಲ್ಲ ಮದುಮಗಳ ಧಾರೆ ಸೀರೆಯಿಂದ ಬೆರಳಗಲದ ಒಂದು ಪಟ್ಟಿ ಕತ್ತರಿಸಿ ಲಕ್ಷ್ಮಿಯ ಮೈಮೇಲೆ ಹಚ್ಚಬೇಕು. ಮನೆಯಿಂದ ಹೋಗುವ ಮಗಳಾದರೂ ಅಷ್ಟೆ, ಮನೆಗೆ ಬರುವ ಸೊಸೆಯಾದರೂ ಅಷ್ಟೆ. ಮೊದಲ ನೆರಿಗೆ ಅಜ್ಜಿಯದೇ, ಇಳಕಲ್ಲಿನ ಕೆಂಪು. ಅದರ ಪಕ್ಕದ ಹಸಿರು ನನ್ನ ಅವ್ವನದು. ನಾನು ಹಸಿರು ನೆರಿಗೆಯ ಮೇಲೆ ಗಾಜಿನ ಮೇಲಿಂದಲೇ ಬೆರಳಾಡಿಸಿ, ಇದು ನಮ್ಮದು ಎಂದು ಓರಗೆಯವರ ಮುಂದೆ ಜಂಬ ಕೊಚ್ಚುತ್ತಿದ್ದೆ. ಗಾಜಿನ ಮೇಲೆ ಬೆರಳಚ್ಚು ಬಿತ್ತೆಂದು ಬೈಸಿಕೊಂಡದ್ದಕ್ಕೂ ಲೆಕ್ಕವಿಲ್ಲ.

ಇದು ತನ್ನ ತವರು ಜಗಳೂರಿನ ಪದ್ಧತಿ ಎಂದು ಅಜ್ಜಿ ಹೇಳುತ್ತಿದ್ದಳು. ಅವ್ವ ಚಿಕ್ಕಂದಿನಲ್ಲಿ ಜಗಳೂರಿಗೆ ಹೋದಾಗ ವಿಚಾರಿಸಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿನ ಪಟಗಳೆಲ್ಲ ಅಂಗಡಿಯಿಂದ ಬಂದ ಹಾಗೆಯೇ ಇದ್ದವಂತೆ. ಅಂದರೆ ಪದ್ಧತಿಯನ್ನು ಅಜ್ಜಿಯೇ ಹುಟ್ಟಿಸಿದ್ದು. ಸೊಸೆಯಾದವಳು ತಾನೇ ಹುಟ್ಟಿಸಿದ್ದು ಎಂದರೆ ಯಾರು ಕೇಳುತ್ತಾರೆ? ಜಗಳೂರಿನದು ಎಂದದ್ದಕ್ಕೆ ನಡೆದುಹೋಯಿತು. ಜಗಳೂರು ನ್ಯಾಮತಿಗೆ ಸಾಕಷ್ಟು ದೂರವಿದ್ದದ್ದು ಅಜ್ಜಿಗೆ ಬಹಳ ಅನುಕೂಲವಾಗಿತ್ತು.

ಪಟ ಬಿಚ್ಚಿ ಮತ್ತೆ ಕಟ್ಟು ಹಾಕಲು ಹೊನ್ನಾಳಿಯಿಂದ ಒಬ್ಬ ಸಾಬರು ಬರುತ್ತಿದ್ದರು. ಸೈಕಲ್ಲಿನ ಹಿಂದೆ ಮರದ ಪಟ್ಟಿಗಳು, ಮುಂದಿನ ಚೀಲದಲ್ಲಿ ಮೊಳೆ, ಸುತ್ತಿಗೆ, ಗಾಜು ಕೊಯ್ಯುವ ವಜ್ರದ ಕಡ್ಡಿ. ಅಜ್ಜಿಯನ್ನು ಅಕ್ಕಾ ಎನ್ನುತ್ತಿದ್ದರು, ಅಜ್ಜಿ ಅವರನ್ನು ತಮ್ಮಾ ಎನ್ನುತ್ತಿದ್ದಳು. ಮದುವೆಯ ಮಾರನೆಯ ದಿನ ಅವರು ಬಂದು ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, ಪಟ ಬಿಚ್ಚಿ, ಸಣ್ಣ ಕಬ್ಬಿಣದ ಪಾತ್ರೆಯಲ್ಲಿ ಸರೇಸಿನ ಅಂಟು ಕಾಯಿಸಿ ಕೊಡುವರು. ಅಜ್ಜಿ ಮಡಿಯುಟ್ಟು ನೆರಿಗೆ ಹಚ್ಚುವಳು. ಮದುವೆಯಿಲ್ಲದೆ ಪಟ ಬಿಚ್ಚುವಂತಿಲ್ಲ ಎಂಬುದು ಕಟ್ಟಳೆ. ಅದೂ ಜಗಳೂರಿನದೇ ಇರಬೇಕು.

ನನ್ನ ಚಿಕ್ಕವ್ವನ ಮದುವೆ ಯುದ್ಧದ ಕಾಲದಲ್ಲಿ ಆಯಿತು. ಚಿಕ್ಕವ್ವ ಅಂದರೆ ಅವ್ವನ ತಂಗಿ, ಆ ಮನೆಯ ಕೊನೆಯ ಮಗಳು, ಬಾಯಿಬಡುಕಿ. ಅವಳು ನಕ್ಕರೆ ಹಿತ್ತಲಿನ ಕೋಳಿಗಳು ಪಕ್ಕದ ಮನೆಗೆ ಓಡುತ್ತಿದ್ದವು, ಉತ್ಪ್ರೇಕ್ಷೆಯಲ್ಲ. ಅವಳನ್ನು ಕೊಟ್ಟದ್ದೂ ಜಗಳೂರಿಗೆ, ಅಜ್ಜಿಯ ಕಡೆಯವರಿಗೇ. ಮದುವೆಯ ಮಾರನೆಯ ದಿನ ಸಾಬರು ಬಂದು ಎಂದಿನಂತೆ ಸರೇಸು ಕಾಯಿಸಿದರು. ಎಂದಿನಂತೆ ಮನೆಯೆಲ್ಲ ಘಾಟು ವಾಸನೆ. ಹೈಸ್ಕೂಲಿನ ಮಾವ ಮೂಗು ಹಿಡಿದುಕೊಂಡು, "ಇದನ್ನ ಯಾತರಾಗೆ ಮಾಡ್ತಾರ್ರೀ?" ಎಂದು ಕೇಳಿದ.

"ಮೂಳೆ, ಚರ್ಮ, ಎಲ್ಲಾ ಹಾಕಿ ಕುದಸ್ತಾರೆ," ಎಂದರು ಸಾಬರು, ಪಾತ್ರೆ ಕದಡುತ್ತ.

ಬೆಳ್ಳುಳ್ಳಿ ಸಿಪ್ಪೆ ಕೂಡ ಜಗುಲಿಯ ಹತ್ತಿರ ಸುಳಿಯಬಾರದೆನ್ನುವ ಮನೆ ಅದು. ಅಜ್ಜಿ ಇದ್ದಲ್ಲೇ ಕುಸಿದು ಕೂತಳು. "ಇಷ್ಟು ವರ್ಷ ನಮ್ಮ ಲಕ್ಷ್ಮಿ ಮೈಗೆ ಅದನ್ನೇ ಹಚ್ಚೀನಾ, ತಮ್ಮಾ?"

ಸಾಬರಿಗೆ ಗಾಬರಿ. "ನಿಮಗೆ ಗೊತ್ತೈತೆ ಅಂದ್ಕೊಂಡಿದ್ದೆ ಅಕ್ಕಾ. ಊರಾಗೆ ಎಲ್ಲಾರ ಮನೆ ಪಟಕ್ಕೂ ಇದೇ."

"ಅಯ್ಯೋ, ಊರಾಗೆ ಯಾರಿಗೂ ಹೇಳಬ್ಯಾಡ್ರಿ ಮತ್ತೆ. ಪಾಪ, ನೆಮ್ಮದಿಯಾಗಿ ಅದಾರೆ," ಎಂದಳು ಅಜ್ಜಿ. ಆಮೇಲೆ ಎದ್ದು ಸೆರಗು ಬಿಗಿದಳು.

ಎಲ್ಲ ನೆರಿಗೆಗಳೂ ಕಿತ್ತು ಬಂದವು. ಬಿಸಿನೀರಿನ ಬಟ್ಟೆಯಲ್ಲಿ ಒತ್ತಿ ಒತ್ತಿ ಸರೇಸು ತೆಗೆದು, ಗೋಮೂತ್ರ ಚಿಮುಕಿಸಿ ಶುದ್ಧಿ ಮಾಡಿದರು. ಇನ್ನು ಹೊಸ ಅಂಟು ಬೇಕಲ್ಲ? ಅಜ್ಜಿ ಗೋಧಿ ಹಿಟ್ಟಿನಲ್ಲಿ ತಾನೇ ಕಾಯಿಸಲು ನಿಂತಳು. ದೇವರ ಮೈಗೆ ಸಪ್ಪೆ ಹಿಟ್ಟು ಹಚ್ಚುವುದುಂಟೇ ಎಂದು ಒಂದು ಅಚ್ಚು ಬೆಲ್ಲ ಹಾಕಿದಳು. ಬೆಲ್ಲ ಹಾಕಿದ ಮೇಲೆ ಒಂದು ಚಮಚ ತುಪ್ಪ. ತುಪ್ಪ ಹಾಕಿದ ಮೇಲೆ ಏಲಕ್ಕಿ ಬಿಡಲಾದೀತೇ? ಹುಳ ಬರದಂತೆ ಸ್ವಲ್ಪ ಮೈಲುತುತ್ತ ಬೆರೆಸಬೇಕೆಂದು ಸಾಬರು ಮೆಲ್ಲಗೆ ಹೇಳಿದರು. "ಲಕ್ಷ್ಮಿಗೆ ವಿಷ ಹಾಕ್ಲಾ?" ಎಂದು ಅಜ್ಜಿ ಗದರಿದಳು. ಅಲ್ಲಿಗೆ ಅದು ಅಂಟಾಗಿ ಉಳಿದಿರಲಿಲ್ಲ, ಪಾಯಸವಾಗಿತ್ತು. ಮದುಮಗಳು ಚಿಕ್ಕವ್ವ ಬಾಸಿಂಗ ಕಟ್ಟಿದ ಗುರುತು ಇನ್ನೂ ಹಣೆಯ ಮೇಲಿರುವಾಗಲೇ ಪಾತ್ರೆಗೆ ಬೆರಳು ಹಾಕಿ ನೆಕ್ಕಿದಳು. ಹಚ್ಚಿ ಉಳಿದದ್ದು ನನಗೂ ಸಾಬರಿಗೂ ಪಾಲಾಯಿತು. ಎಲ್ಲ ನೆರಿಗೆಗಳ ಜೊತೆ ಚಿಕ್ಕವ್ವನ ಅರಿಶಿನ ಬಣ್ಣದ ಹೊಸ ನೆರಿಗೆಯೂ ಕೂತು, ಲಕ್ಷ್ಮಿ ಥಳಥಳ ಹೊಳೆದಳು.

ಮೊದಲ ಇರುವೆ ಆ ವಾರವೇ ಬಂತು. ಚಿಕ್ಕವ್ವ ಗಂಡನ ಮನೆಗೆ ಹೋಗುವ ಹೊತ್ತಿಗೆ ಗೋಡೆಯ ಬಿರುಕಿನಿಂದ ಪಟದವರೆಗೆ ಕೆಂಪು ದಾರ ಎಳೆದ ಹಾಗೆ ಸಾಲು. ಅಜ್ಜಿ ಅರಿಶಿನ ಉದುರಿಸಿದಳು, ಇಂಗಿನ ನೀರು ಬಳಿದಳು. ಇರುವೆಗಳು ಬೇರೆ ದಾರಿ ಹಿಡಿದವು. ಪಟ ಬಿಚ್ಚಿ ಅಂಟು ಬದಲಾಯಿಸೋಣವೆಂದರೆ ಮದುವೆಯಿಲ್ಲದೆ ಬಿಚ್ಚುವಂತಿಲ್ಲ. ತಾನೇ ಮಾಡಿದ ಕಟ್ಟಳೆಗೆ ತಾನೇ ಸಿಕ್ಕಿಬಿದ್ದ ಅಜ್ಜಿ ಕೊನೆಗೆ, "ಅವೂ ದರ್ಶನಕ್ಕೆ ಬರ್ತಾವೆ, ಬರಲಿ" ಎಂದು ಕೈಚೆಲ್ಲಿದಳು.

ಆ ವರ್ಷ ಮಳೆಗಾಲ ಮುಗಿಯುವ ಮೊದಲೇ ಜಗಳೂರಿನಲ್ಲಿ ಚಿಕ್ಕವ್ವನ ಗಂಡ ಜ್ವರ ಬಂದು ತೀರಿಕೊಂಡರು. ಚಿಕ್ಕವ್ವ ನ್ಯಾಮತಿಗೆ ವಾಪಸು ಬಂದಳು. ಮುಂದಿನ ರಜೆಗೆ ನಾನು ಹೋದಾಗ ಕೋಳಿಗಳು ಹಿತ್ತಲಿನಲ್ಲೇ ನೆಮ್ಮದಿಯಾಗಿ ಮೇಯುತ್ತಿದ್ದವು. ಅದನ್ನು ನೋಡಿ ನನಗೆ ಆದ ಸಂಕಟ ದೊಡ್ಡವರ ಅಳು ನೋಡಿಯೂ ಆಗಿರಲಿಲ್ಲ.

ಈಗ ದೊಡ್ಡಜ್ಜಿಯ ವಿಷಯ ಹೇಳಬೇಕು. ದೊಡ್ಡಜ್ಜಿ ಎಂದರೆ ಅಜ್ಜನ ಅಕ್ಕ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿಗೆ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾಗಿ, ಅಂದಿನಿಂದ ತಮ್ಮನ ಮನೆಯಲ್ಲೇ ಇದ್ದವರು. ಮನೆಯ ಮಡಿ ಮೈಲಿಗೆ, ಹಬ್ಬ ಹುಣ್ಣಿಮೆ, ಯಾವ ದಿನ ಏನು ಕೂಡದು ಎಂಬುದೆಲ್ಲ ಅವರ ಕೈಯಲ್ಲಿ. ಅಜ್ಜ ಕೂಡ ಅವರ ಮಾತಿಗೆ ಎದುರಾಡುತ್ತಿರಲಿಲ್ಲ. ಹಗಲೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ, ಜಗುಲಿಗೆ ಬೆನ್ನು ಹಾಕಿ ಕೂತು ಬತ್ತಿ ಹೊಸೆಯುತ್ತಿದ್ದರು. ದೇವರಿಗೆ ಬೆನ್ನು ಹಾಕಬಾರದು ಎಂದು ನಮಗೆಲ್ಲ ಹೇಳಿಕೊಟ್ಟವರೇ ಹೀಗೇಕೆ ಕೂರುತ್ತಾರೆಂದು ನಾನೊಮ್ಮೆ ಕೇಳಿದ್ದಕ್ಕೆ, "ನಂಗೆ ಸೊಂಟನೋವು. ಈ ಕಂಬಕ್ಕೆ ಹಿಂಗೇ ಒರಗಬೇಕು. ನಿಂಗೇನಾಗ್ಬೇಕು, ಹೋಗೇ" ಎಂದು ಓಡಿಸಿದ್ದರು.

ಚಿಕ್ಕವ್ವ ವಾಪಸು ಬಂದ ದಿನದಿಂದ ದೊಡ್ಡಜ್ಜಿಯದು ಒಂದೇ ಮಾತು. ಗಂಡ ಸತ್ತವಳ ಸೀರೆ ಲಕ್ಷ್ಮಿಯ ಮೈಮೇಲೆ ಇರಕೂಡದು, ಕೀಳಿಸು. ಅಜ್ಜಿಯದೂ ಒಂದೇ ಮಾತು. ಮದುವೆಯಿಲ್ಲದೆ ಪಟ ಬಿಚ್ಚುವಂತಿಲ್ಲ. ಅಜ್ಜಿಯ ಕಟ್ಟಳೆ ಹೀಗೆ ಉಪಯೋಗಕ್ಕೆ ಬಂತು. ಇಬ್ಬರೂ ಮುಖ ತಿರುಗಿಸಿಕೊಂಡು ಒಂದೇ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಇರುವೆಗಳು ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಬರುತ್ತ ಹೋಗುತ್ತ ಇದ್ದವು.

ಎರಡನೆಯ ಬೇಸಿಗೆಯಲ್ಲಿ ತ್ಯಾವಣಿಗೆಯಿಂದ ಒಬ್ಬರು ಬಂದರು. ಅಲ್ಲಿ ಕಿರಾಣಿ ಅಂಗಡಿ ಇಟ್ಟವರು, ಹೆಂಡತಿ ತೀರಿಕೊಂಡು ಸಣ್ಣ ಹೆಣ್ಣುಮಗು ಕೈಮೇಲಿದ್ದವರು. ಚಿಕ್ಕವ್ವನನ್ನು ಉಡಿಕೆ ಮಾಡಿಕೊಳ್ಳಲು ಕೇಳಿ ಬಂದಿದ್ದರು. ಉಡಿಕೆ ಎಂದರೆ ಗಂಡ ಸತ್ತವಳ ಎರಡನೆಯ ಮದುವೆ. ವಾಲಗವಿಲ್ಲ, ಚಪ್ಪರವಿಲ್ಲ, ಬಾಸಿಂಗವಿಲ್ಲ, ಹೊಸ ಸೀರೆ ಉಡಿಸಿದರೆ ಮುಗಿಯಿತು. ಜಗಳೂರಿನ ಕಡೆ ಅಜ್ಜಿಯ ಬಳಗದಲ್ಲಿ ಅದು ನಡೆಯುತ್ತಿತ್ತು. ಆದರೆ ಅಜ್ಜನ ಮನೆತನದವರು ತಾವೊಂದು ಮೆಟ್ಟಿಲು ಮೇಲೆ ಎಂದುಕೊಂಡವರು. ಆ ಮನೆಯಲ್ಲಿ ಅದುವರೆಗೆ ಉಡಿಕೆ ನಡೆದಿರಲಿಲ್ಲ.

ಬಂದವರು ಪಡಸಾಲೆಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಪಟವನ್ನು ನೋಡಿದರು. ನೋಡಿಯೇ ನೋಡಿದರು. ಕೊನೆಗೆ ತಡೆಯಲಾರದೆ, "ಅಲ್ರೀ ಅಮ್ಮಾ, ನಮ್ಮ ಅಂಗಡಿ ಬೆಲ್ಲದ ಪೆಂಟಿಗೂ ಇಷ್ಟು ಇರುವೆ ಮುತ್ತಲ್ಲ. ದೇವರಿಗೆ ಏನು ತಿನ್ನಸ್ತೀರಿ?" ಎಂದರು. ಬಾಗಿಲ ಮರೆಯಲ್ಲಿದ್ದ ಚಿಕ್ಕವ್ವ ಫಕ್ಕನೆ ನಕ್ಕಳು. ಹಿತ್ತಲಿನಲ್ಲಿ ರೆಕ್ಕೆ ಬಡಿದ ಸದ್ದು. ನಾನು ಕುಣಿಯುವುದೊಂದು ಬಾಕಿ.

ಅಜ್ಜ ಒಂದು ವಾರ ಮೀಸೆ ತಿರುವಿ, ಕೊನೆಗೆ ಹೂಂ ಎಂದರು. ತ್ಯಾವಣಿಗೆಯಿಂದ ಸೀರೆಯೂ ಬಂತು. ಯುದ್ಧದ ಕಾಲದಲ್ಲಿ ರೇಷನ್ನಿಗೆ ಸಿಗುತ್ತಿದ್ದ ಕಂಟ್ರೋಲ್ ಬಟ್ಟೆ, ನೂಲಿನದು, ಬಿಳಿಯ ಒಡಲಿಗೆ ನೀಲಿ ಅಂಚು. ಅದರಲ್ಲಿ ಜರಿ ಹುಡುಕಿದರೂ ಇರಲಿಲ್ಲ. ಸಾಬರಿಗೆ ಹೇಳಿಕಳಿಸಿದರು. ಮದುವೆ ಗೊತ್ತಾದ್ದರಿಂದ ಪಟ ಬಿಚ್ಚಲು ಅಡ್ಡಿಯಿಲ್ಲ, ಇರುವೆಯ ಕಾಟವೂ ತಪ್ಪುತ್ತದೆ ಎಂದು ಅಜ್ಜಿಯ ಲೆಕ್ಕಾಚಾರ.

ಸಾಬರು ಬಂದು ಮೊಳೆ ಕಿತ್ತು ಗಾಜು ಎತ್ತಿದರು. ಅಯ್ಯೋ ದೇವರೇ, ಒಳಗೆ ಇರುವೆಗಳದೇ ಒಂದು ಊರು. ಬೆಲ್ಲದ ಅಂಟೆಲ್ಲ ಕರಗಿ ನೆರಿಗೆಗಳು ಜೋತುಬಿದ್ದಿದ್ದವು. ಆನೆಯ ಸೊಂಡಿಲಿಗೆ ಬೂಸ್ಟು ಹಿಡಿದಿತ್ತು. ಸಾಬರು ಅಜ್ಜಿಯ ಮುಖ ನೋಡಿದರು. ಅಜ್ಜಿ ಗೋಡೆ ನೋಡಿದಳು.

"ಈ ಸಲ ಮೈಲುತುತ್ತ ಹಾಕ್ರಿ ತಮ್ಮಾ," ಎಂದಳು ಸಣ್ಣ ದನಿಯಲ್ಲಿ. "ಬೆಲ್ಲ ಬ್ಯಾಡ."

ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿ, ಒರೆಸಿ, ಬಾಳೆಯೆಲೆಯ ಮೇಲೆ ಸಾಲಾಗಿ ಇಟ್ಟರು. ಕೆಂಪು, ಹಸಿರು, ಉಳಿದವರವು, ಕೊನೆಗೆ ಚಿಕ್ಕವ್ವನ ಅರಿಶಿನ ಬಣ್ಣದ್ದು. ಅಜ್ಜಿ ಒಳಗಿನಿಂದ ನೀಲಿ ಅಂಚಿನ ಹೊಸ ಸೀರೆಯನ್ನೂ ಕತ್ತರಿಯನ್ನೂ ತಂದಳು. ಆಗ ಕಂಬದ ಕಡೆಯಿಂದ ದೊಡ್ಡಜ್ಜಿಯ ದನಿ ಕೇಳಿತು.

"ಅದನ್ನ ಯಾಕೆ ತಂದೆ?"

"ಮದುವೆ ಸೀರೆ ಅಲ್ವಾ ಅತ್ತಿಗೆ."

"ಉಡಿಕೆ ಸೀರೆ. ಲಕ್ಷ್ಮಿಗೆ ಉಡಿಕೆ ಸೀರೆ ಉಡ್ಸೋ ಪದ್ಧತಿ ಎಲ್ಲೈತೆ?"

"ಜಗಳೂರಾಗೆ ಐತೆ," ಎಂದಳು ಅಜ್ಜಿ, ರೆಪ್ಪೆ ಕೂಡ ಬಡಿಯದೆ.

ದೊಡ್ಡಜ್ಜಿ ಚಿಕ್ಕವ್ವನ ಕಡೆ ತಿರುಗಿದರು. "ನೀನು ಅಲ್ಲಿ ಬಾಳಿ ಬಂದವಳು. ಖರೆ ಹೇಳು, ಐತಾ?"

ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿ, ಹೇಳಲಿ ಎಂದು ನಾನು ಲಂಗದ ಅಂಚು ಹಿಂಡುತ್ತಿದ್ದೆ. ಚಿಕ್ಕವ್ವ ಅಜ್ಜಿಯ ಮುಖ ನೋಡಿ, ದೊಡ್ಡಜ್ಜಿಯ ಮುಖ ನೋಡಿ, "ಇಲ್ಲ ಅತ್ತೆ. ಅಲ್ಲಿ ಯಾರೂ ಪಟಕ್ಕೆ ಸೀರೆನೇ ಉಡ್ಸಲ್ಲ" ಎಂದುಬಿಟ್ಟಳು.

ಅಜ್ಜಿ ಹಣೆ ಚಚ್ಚಿಕೊಂಡಳು. ಅಜ್ಜ ಕೆಮ್ಮಿ ಹೊರಗಿನ ಕಟ್ಟೆಗೆ ಹೊರಟರು. ಅವರ ಎಂದಿನ ಉಪಾಯ ಅದು. ಆದರೆ ಚಿಕ್ಕವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಪ್ಪಾ, ಕೂತ್ಕೊಳ್ರಿ. ನಿಮ್ಮ ಮುಂದೇ ಹೇಳ್ತೀನಿ. ಎಲ್ಲಾರ ಸೀರೆನೂ ಲಕ್ಷ್ಮಿ ಮೈಮೇಲೆ ಐತೆ. ನನ್ನದು ಬ್ಯಾಡ ಅಂದ್ರೆ ನಾನು ತ್ಯಾವಣಿಗೆಗೆ ಹೋಗಲ್ಲ. ಕಳ್ಳರ ಹಂಗೆ ಹಿತ್ತಲ ಬಾಗಿಲಿಂದ ಕಳಿಸ್ತೀರಿ ಅಂದ್ರೆ ಇಲ್ಲೇ ರೊಟ್ಟಿ ತಟ್ಕೊಂಡು ಇರ್ತೀನಿ. ಸೀರೆ ವಾಪಸ್ ಕಳಿಸ್ರಿ."

ಅವಳು ತಮಾಷೆ ಮಾಡುತ್ತಿಲ್ಲವೆಂಬುದು ನನಗೂ ಗೊತ್ತಾಯಿತು. ಮನೆಗೆ ಬಂದ ನಗು ಮತ್ತೆ ವಾಪಸು ಹೋಗುತ್ತದೆಯಲ್ಲ ಎಂದು ನನಗೆ ದೊಡ್ಡಜ್ಜಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಎಷ್ಟು ವರ್ಷದಿಂದ ಆ ಕಂಬಕ್ಕೆ ಒರಗಿ ಕೂತು ಬೇಡ, ಕೂಡದು, ಬಾರದು ಎನ್ನುತ್ತಲೇ ಇದ್ದಾರೆ ಈ ಮುದುಕಿ ಎಂದು ಮನಸ್ಸಿನಲ್ಲೇ ಬೈದೆ. ಬಾಯಲ್ಲೇ ಬೈಯುತ್ತಿದ್ದೆ, ಅವ್ವ ನನ್ನ ಭುಜ ಅಮುಕಿ ಹಿಡಿದಿದ್ದಳು.

"ನಾನೇನು ನಿನ್ನ ಕೇಡು ಬಯಸ್ತೀನಾ?" ಎಂದರು ದೊಡ್ಡಜ್ಜಿ. ಅವರ ದನಿ ಎಂದಿನ ಹಾಗಿರಲಿಲ್ಲ. "ಲಕ್ಷ್ಮಿಗೆ ಸಿಟ್ಟು ಬಂದು ಈತಗೂ ಏನಾದ್ರೂ ಆದ್ರೆ? ಒಂದು ಸಲ ಆದ್ರೆ ತಡಕೋಬೋದು. ಎರಡು ಸಲ ಹೆಂಗೆ ತಡಕೊಂತೀಯೇ?"

ದೊಡ್ಡಜ್ಜಿಗೂ ಹೆದರಿಕೆ ಎಂಬುದು ಇರುತ್ತದೆಂದು ನನಗೆ ಅಂದೇ ತಿಳಿದದ್ದು. ಸಾಬರು ಗಾಜನ್ನು ಗೋಡೆಗೆ ಒರಗಿಸಿ, ಬೀಡಿ ಸೇದುವ ನೆಪದಲ್ಲಿ ಅಂಗಳಕ್ಕೆ ಇಳಿದರು.

ಅಜ್ಜಿಯೇ ರಾಜಿಗೆ ಬಂದಳು. "ಹಿಂಗೆ ಮಾಡೋಣ ಅತ್ತಿಗೆ. ಹಳೇದನ್ನ ತೆಗೆದು ಹೊಳೆಗೆ ಬಿಡೋಣ. ಹೊಸದನ್ನ ಹಚ್ಚೋಣ. ಗಂಡ ಇರೋಳ ಸೀರೆ ಆಗ್ತೈತೆ, ಲಕ್ಷ್ಮಿಗೂ ಏನೂ ಅನ್ನಿಸಲ್ಲ."

ನನಗೆ ಅದು ಬಲು ಜಾಣ ಉಪಾಯವೆನ್ನಿಸಿತು. ಅಜ್ಜ ತಲೆದೂಗಿದರು. ದೊಡ್ಡಜ್ಜಿ ಕೂಡ ಸುಮ್ಮನಾದರು. ಒಪ್ಪದೆ ಹೋದವಳು ಚಿಕ್ಕವ್ವ. ಬಾಳೆಯೆಲೆಯ ಹತ್ತಿರ ಕೂತು ಅರಿಶಿನ ಬಣ್ಣದ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಅದರ ಅಂಚಿಗೆ ಇನ್ನೂ ಒಂದೆರಡು ಸತ್ತ ಇರುವೆಗಳು ಅಂಟಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸಿದಳು.

"ಅವರೇನು ತಪ್ಪು ಮಾಡಿದ್ರು ಅತ್ತೆ, ಹೊಳೆಗೆ ಬಿಡಾಕೆ? ದಿನಾ ಸಂಜೆ ಟವಲಿನಾಗೆ ಮಂಡಕ್ಕಿ ಕಟ್ಕೊಂಡು ಬರ್ತಿದ್ರು. ಅವರ ಅವ್ವಗೆ ಕಾಣದಂಗೆ ನನ್ನ ಮಡಿಲಿಗೆ ಸುರೀತಿದ್ರು. ಅವರೂ ನನ್ನ ಗಂಡನೇ. ಇದೂ ಇರಲಿ, ಅದೂ ಇರಲಿ."

ಹಾಗೆಂದು ಅವಳು ಅತ್ತಳು. ಊರಿಗೆಲ್ಲ ಕೇಳುವಂತೆ ನಗುವವಳು ಸದ್ದೇ ಇಲ್ಲದೆ ಅತ್ತಳು. ಅವ್ವನೂ ಅತ್ತಳು, ಅವ್ವನನ್ನು ನೋಡಿ ನಾನೂ ಅತ್ತೆ. ಮಂಡಕ್ಕಿ ತಂದುಕೊಡುತ್ತಿದ್ದ ಆ ಚಿಕ್ಕಪ್ಪನನ್ನು ನಾನು ಮದುವೆಯ ದಿನ ಬಿಟ್ಟರೆ ನೋಡಿಯೇ ಇರಲಿಲ್ಲ. ಆದರೂ ಆ ಗಳಿಗೆಯಲ್ಲಿ ಅವರು ಸತ್ತದ್ದು ನನಗೆ ಸಹಿಸಲಾಗಲಿಲ್ಲ.

ದೊಡ್ಡಜ್ಜಿ ಕಂಬ ಹಿಡಿದು ಎದ್ದರು. ಸಿಟ್ಟು ಮಾಡಿಕೊಂಡು ಹೊರಟರೆಂದೇ ಎಲ್ಲರೂ ತಿಳಿದೆವು. ಒಳಗೆ ಅವರ ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಆ ಟ್ರಂಕನ್ನು ಯಾರೂ ಮುಟ್ಟುವಂತಿರಲಿಲ್ಲ. ಅದರಲ್ಲಿ ಬಂಗಾರ ಇದೆಯೆಂದು ನಾವು ಮಕ್ಕಳು ಮಾತಾಡಿಕೊಳ್ಳುತ್ತಿದ್ದೆವು. ಹೊರಗೆ ಬಂದಾಗ ಅವರ ಕೈಯಲ್ಲಿ ಮಡಿಸಿದ ಒಂದು ಕೆಂಪು ಬಟ್ಟೆಯಿತ್ತು. ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅವರು ಅದನ್ನು ಬಿಡಿಸಿ ಅಜ್ಜಿಯ ಮುಂದೆ ಹಾಸಿದರು.

ಸೀರೆ ಹೌದು. ಆದರೆ ಎಷ್ಟು ಗಿಡ್ಡದು! ನನಗೂ ಸಾಲುತ್ತಿರಲಿಲ್ಲ. ಆಗಷ್ಟೇ ಹಾಲುಹಲ್ಲು ಬೀಳುತ್ತಿದ್ದ ನನ್ನ ತಂಗಿಗೆ ಉಡಿಸಬಹುದಿತ್ತೇನೋ.

ಅಜ್ಜಿ ಆ ಮನೆಗೆ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡವಳು. ಆ ಸೀರೆಯನ್ನು ಅವಳೂ ಅಂದೇ ನೋಡಿದ್ದು.

"ಹಚ್ಚೋದೇ ಆದ್ರೆ ಇದನ್ನೂ ಒಂದು ಚೂರು ಹಚ್ಚು," ಎಂದರು ದೊಡ್ಡಜ್ಜಿ, ಬೇರೆ ಕಡೆ ನೋಡುತ್ತ. "ಮುಂದೆ ಬ್ಯಾಡ. ಪಟದ ಹಿಂದ್ಗಡೆ ಹಚ್ಚು. ಯಾರಿಗೂ ಕಾಣಬಾರ್ದು."

ಅಜ್ಜ ಅಕ್ಕನ ಮುಖ ನೋಡಿದರು. ಈ ಸಲ ಅವರು ಕಟ್ಟೆಗೆ ಓಡಲಿಲ್ಲ. ಮೂಗು ಸೀಟಿ, ಅಂಗಳದಲ್ಲಿದ್ದ ಸಾಬರನ್ನು ತಾವೇ ಕೂಗಿ ಕರೆದರು.

ಅಜ್ಜಿ ಮೊದಲು ಆ ಕೆಂಪು ಸೀರೆಯ ಅಂಚಿಗೆ ಕತ್ತರಿ ಇಟ್ಟಳು. ಆಮೇಲೆ ನೀಲಿ ಅಂಚಿಗೆ. ಸಾಬರು ಮೈಲುತುತ್ತದ ಅಂಟು ಕದಡಿ ಕೊಟ್ಟರು. ಚಿಕ್ಕವ್ವನ ಎರಡೂ ಪಟ್ಟಿಗಳು ಪಕ್ಕಪಕ್ಕದಲ್ಲೇ ಕೂತವು, ಅರಿಶಿನ ಬಣ್ಣದ್ದು ಮತ್ತು ಕಂಟ್ರೋಲ್ ಬಟ್ಟೆಯದು. ದೊಡ್ಡಜ್ಜಿಯ ಪಟ್ಟಿಯನ್ನು ಅಜ್ಜಿ ಹಿಂದೆ ಹಚ್ಚಲಿಲ್ಲ. ಅತ್ತಿಗೆಯ ಮಾತನ್ನು ಅವಳು ಯಾವ ಕಾಲದಲ್ಲಿ ಕೇಳಿದ್ದಳು? ತನ್ನ ಇಳಕಲ್ ನೆರಿಗೆಯನ್ನೇ ಅತ್ತ ಸರಿಸಿ, ಎಲ್ಲಕ್ಕಿಂತ ಮುಂದೆ, ಲಕ್ಷ್ಮಿಯ ನಡುಮಧ್ಯದಲ್ಲಿ ಹಚ್ಚಿ, ಪಾದದವರೆಗೆ ಇಳಿಬಿಟ್ಟು, ಅದರ ಸುತ್ತ ಮನೆಯಲ್ಲಿದ್ದ ಚಮಕಿಯನ್ನೆಲ್ಲ ಸುರಿದಳು. ಗಾಜು ಕೂತು ಮೊಳೆ ಬೀಳುವ ತನಕ ದೊಡ್ಡಜ್ಜಿಗೆ ತೋರಿಸಲೂ ಇಲ್ಲ.

ಪಟ ಗೋಡೆಗೇರಿದ ಮೇಲೆ ನೋಡಿ ದೊಡ್ಡಜ್ಜಿ, "ಹಿಂದ್ಗಡೆ ಅಂದಿದ್ದೆ ನಾನು" ಎಂದು ಗುಡುಗಿದರು.

"ಮೊಳೆ ಬಡದಾತು ಅತ್ತಿಗೆ. ಇನ್ನು ಮುಂದಿನ ಮದುವೆಗೇ ಬಿಚ್ಚಾದು," ಎಂದಳು ಅಜ್ಜಿ. "ಜಗಳೂರಿನ ಕಟ್ಟಳೆ."

ಸಾಬರು ಸೈಕಲ್ಲು ಹತ್ತುವಾಗ ಅವರ ಚೀಲಕ್ಕೆ ಅಜ್ಜಿ ಒಂದು ಅಚ್ಚು ಬೆಲ್ಲ ಹಾಕಿ, ಅಂಟಿಗಲ್ಲ, ತಿನ್ನುವುದಕ್ಕೆ ಎಂದು ಎರಡು ಸಲ ಹೇಳಿದಳು. ಆ ವಾರವೇ ಚಿಕ್ಕವ್ವ ನೀಲಿ ಅಂಚಿನ ಸೀರೆಯುಟ್ಟು ತಲೆಬಾಗಿಲಿನಿಂದಲೇ ತ್ಯಾವಣಿಗೆಗೆ ಹೊರಟಳು. ಗಾಡಿ ಓಣಿ ತಿರುಗುವಾಗ ಗಂಡನಾದವರು ಏನು ಹೇಳಿದರೋ, ಅವಳು ನಕ್ಕದ್ದು ನಮಗೆಲ್ಲ ಕೇಳಿತು. ಇರುವೆಗಳ ಸಾಲು ಒಂದು ವಾರ ಪಟದ ಸುತ್ತ ಅಲೆದು, ಏನೂ ಸಿಗದೆ ಅಡುಗೆಮನೆಯ ಬಸವಣ್ಣನ ಕಡೆಗೆ ಹೊರಟುಹೋಯಿತು.

ರಜೆ ಮುಗಿದು ನಾವು ಚನ್ನಗಿರಿಗೆ ಹೊರಡುವ ದಿನ ನಾನು ದೊಡ್ಡಜ್ಜಿಯ ಕಾಲಿಗೆ ಬೀಳಲು ಕಂಬದ ಹತ್ತಿರ ಹೋದೆ. ಅವರು ಅಲ್ಲಿರಲಿಲ್ಲ. ಚಾಪೆಯನ್ನು ಎದುರಿನ ಗೋಡೆಗೆ ಎಳೆದುಕೊಂಡು, ಜಗುಲಿಗೆ ಮುಖ ಮಾಡಿ ಕೂತು ಬತ್ತಿ ಹೊಸೆಯುತ್ತಿದ್ದರು. ಕೈ ಬತ್ತಿಯ ಮೇಲೆ, ಕಣ್ಣು ಪಟದ ಮೇಲೆ.

"ಯಾಕಕ್ಕಾ, ಸೊಂಟನೋವು ಹೋತಾ?" ಎಂದು ಅಜ್ಜ ಕೇಳಿದರು.

"ಇಲ್ಲಿ ಗಾಳಿ ಬರ್ತೈತೆ," ಎಂದರು ದೊಡ್ಡಜ್ಜಿ.

ಆ ಗೋಡೆಗೆ ಕಿಟಕಿಯೇ ಇರಲಿಲ್ಲ.